ಪ್ರಸ್ಥಾನದ ಚೀಲ

"ಇದನ್ನ ಅಮೆರಿಕಕ್ಕೆ ಕೊರಿಯರ್ ಮಾಡಕ್ಕಾಗುತ್ತೇನಮ್ಮ ಚೂಡಾಮಣಿ?"

ಗೋವಿಂದಮ್ಮ ಬಾಗಿಲಲ್ಲೇ ನಿಂತು ಕೇಳಿದರು. ಬೆಳಗಿನ ಆರು ಗಂಟೆ ಆಗಿತ್ತಷ್ಟೆ. ಕಾಲಿಗೆ ಕ್ಯಾನ್ವಾಸ್ ಶೂ, ತಲೆಗೆ ಮಫ್ಲರ್, ಎರಡೂ ಕೈಯಿಂದ ಎದೆಗವಚಿಕೊಂಡ ಒಂದು ಬಟ್ಟೆಯ ಚೀಲ. ಯಡಿಯೂರು ಕೆರೆ ಸುತ್ತುವುದನ್ನು ಬಿಟ್ಟು, ಎಪ್ಪತ್ತು ದಾಟಿದ ಹೆಂಗಸು ನನ್ನ ಮಹಡಿ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು.

"ಮೊದಲು ಕೂತ್ಕೊಳ್ಳಿ. ಯಾರದು ಚೀಲ?"

"ಇನ್ಯಾರದು, ನಮ್ಮ ಪಕ್ಕದ್ಮನೆ ಮುನಿಲಕ್ಷ್ಮಿದು. ಬಿಟ್ಟು ಹೋಗ್ಬಿಟ್ಟಿದ್ದಾಳೆ ನೋಡು."

ಕಾಫಿ ಲೋಟ ಬಾಯಿಯ ಹತ್ತಿರ ಬಂದಿದ್ದು ಅಲ್ಲೇ ನಿಂತಿತು.

ಮುನಿಲಕ್ಷ್ಮಮ್ಮ ಇಲ್ಲಿರಬಾರದು, ಅವರ ಚೀಲವೂ ಇಲ್ಲಿರಬಾರದು. ನಿನ್ನೆ ಮಧ್ಯಾಹ್ನದ ವಿಮಾನದಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದರು. ಅಲ್ಲಿ ನರ್ಸ್ ಆಗಿರುವ ಮಗಳು ಅರ್ಪಿತಳಿಗೆ ದಿನ ತುಂಬಿದೆ, ಬಾಣಂತನಕ್ಕೆ ಅಂತ ಹೊರಟ ಪ್ರಯಾಣ. ಊರಿಗೆಲ್ಲ ಗೊತ್ತಿರುವುದು ಇಷ್ಟು.

ನನಗೆ ಮಾತ್ರ ಇನ್ನೂ ಒಂದು ವಿಷಯ ಗೊತ್ತಿತ್ತು. ಕಳೆದ ವಾರ ಅವರ ಭಾವ ಬೈರಣ್ಣ ಕತ್ರಿಗುಪ್ಪೆಯ ಸ್ವಂತ ಮನೆಯ ನೀರಿನ ಸಂಪಿನಲ್ಲಿ ಹೆಣವಾಗಿ ಸಿಕ್ಕಿದಾಗ ಮುನಿಲಕ್ಷ್ಮಮ್ಮ ಅದೇ ಮನೆಯಲ್ಲಿದ್ದರು. ಕಾಲು ಜಾರಿ ಬಿದ್ದರು ಅಂದರು ಎಲ್ಲರೂ. ಮುನಿಲಕ್ಷ್ಮಮ್ಮ ಕತ್ತಲಾಗುವ ಹೊತ್ತಿಗೆ ಸೆರಗು ಹೊದ್ದು ನನ್ನ ಬಾಗಿಲಿಗೆ ಬಂದು ಬೇರೆಯೇ ಮಾತು ಹೇಳಿದ್ದರು.

"ಜಾರಲಿಲ್ಲ ಕಣವ್ವ. ಕಣ್ಣಾರೆ ನೋಡಿದೀನಿ. ಆದ್ರೆ ಇಲ್ಲಿ ಬಾಯಿ ಬಿಟ್ರೆ ನಾನು ಏರೋಪ್ಲೇನ್ ಹತ್ತಲ್ಲ. ಮಗಳ ಮನೆ ಸೇರ್ಕೊಂಡು ಫೋನಲ್ಲಿ ಎಲ್ಲ ಹೇಳ್ತೀನಿ."

ನಾನು ಪತ್ತೇದಾರಿ ಕೆಲಸ ಮಾಡುವವಳು. ಯಡಿಯೂರಿನ ಜನಕ್ಕೆ ನಾನು ಹೆಣ್ಣು ಗಂಡು ಹೇಗೆ ಏನು ಅಂತ ಮದುವೆಗೆ ಮುಂಚೆ ವಿಚಾರಿಸಿ ಕೊಡುವ ಆಂಟಿ, ಅಷ್ಟೆ. ಹಾಗೇ ಇರಲಿ ಅಂತ ನಾನೂ ಸುಮ್ಮನಿದ್ದೇನೆ. ಆ ಫೋನಿಗೋಸ್ಕರ ನಿನ್ನೆ ಮಧ್ಯಾಹ್ನದಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಯಾವ ವಿಮಾನ ಎಲ್ಲಿ ಹಾರುತ್ತಿದೆ ಅಂತ ತೋರಿಸುವ ಆಪ್ ಒಂದನ್ನು ಫೋನಿಗೆ ಹಾಕಿಕೊಂಡಿದ್ದೆ. ಎರಡು ಗಂಟೆಗೆ ಏಳಬೇಕಿದ್ದ ವಿಮಾನ ಜನರನ್ನು ತುಂಬಿಕೊಂಡು ಬಾಗಿಲು ಹಾಕಿ ನಾಲ್ಕರವರೆಗೂ ನೆಲದ ಮೇಲೇ ನಿಂತಿತ್ತು. ಆಮೇಲೆ ಎದ್ದಿತು. ಈಗ ಪರದೆಯ ಮೇಲೆ ಒಂದು ಪುಟ್ಟ ವಿಮಾನ, ಸುತ್ತ ಬರೀ ನೀಲಿ ಸಮುದ್ರ.

"ಮರೆತು ಹೋಗಿರ್ತಾರೆ ಬಿಡಿ," ಎಂದೆ. ನನಗೇ ನನ್ನ ಮಾತು ಹಿಡಿಸಲಿಲ್ಲ.

"ಮರೆಯೋ ಚೀಲ ಅಲ್ಲಮ್ಮ ಇದು. ಪ್ರಸ್ಥಾನ."

ಗೋವಿಂದಮ್ಮ ಚೀಲದ ಮೂಲೆ ತೋರಿಸಿದರು. ಅರಿಶಿನ ಕುಂಕುಮದ ಬೊಟ್ಟು ಒಣಗಿತ್ತು.

ಪ್ರಸ್ಥಾನ ಇಡುವುದು ಅಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಹೊರಡುವ ದಿನ ಒಳ್ಳೆಯದಿಲ್ಲ, ಟಿಕೆಟ್ಟನ್ನೂ ಬದಲಾಯಿಸುವ ಹಾಗಿಲ್ಲ ಅನ್ನುವಾಗ, ಮುಂಚಿನ ದಿನ ಒಳ್ಳೇ ಗಳಿಗೆ ನೋಡಿ ಒಂದು ಚೀಲಕ್ಕೆ ಸೀರೆ, ಹಿಡಿ ಅಕ್ಕಿ, ಎಲೆ ಅಡಿಕೆ ಹಾಕಿ ನೆರೆಮನೆಯಲ್ಲಿ ಇಟ್ಟು ಬರುತ್ತಾರೆ. ಪ್ರಯಾಣ ಆಗಲೇ ಶುರುವಾಯಿತು ಅಂತ ಲೆಕ್ಕ. ಮಾರನೆಯ ದಿನ ಆ ಚೀಲ ಎತ್ತಿಕೊಂಡು, ತಿರುಗಿ ತಮ್ಮ ಹೊಸಿಲು ತುಳಿಯದೆ, ಅಲ್ಲಿಂದಲೇ ಮುಂದಕ್ಕೆ ಹೋಗಬೇಕು. ನಿನ್ನೆ ಮಂಗಳವಾರ. ಮುನಿಲಕ್ಷ್ಮಮ್ಮ ಮಂಗಳವಾರ ತರಕಾರಿಗೆ ಹೋಗುವುದಕ್ಕೂ ಹಿಂದೆ ಮುಂದೆ ನೋಡುವವರು.

"ನಿನ್ನೆ ಅವರು ನಿಮ್ಮನೆಗೆ ಬರಲೇ ಇಲ್ವ?"

"ಕುಂಕುಮದ ಬಟ್ಟಲು ಇಟ್ಕೊಂಡು ಗೇಟಲ್ಲೇ ನಿಂತಿದ್ದೆ. ಬಿಸಿಲು ಏರಿತು, ಕಾಲು ನೋವು ಬಂತು, ಬರಲಿಲ್ಲ, ಒಳಗೆ ಹೋಗಿ ಕೂತೆ. ಆಮೇಲೆ ನೋಡಿದ್ರೆ ಅವರ ಬಾಗ್ಲಿಗೆ ಬೀಗ. ಸಂಜೆ ರಘು ಫೋನ್ ಮಾಡಿ, ಚಿಕ್ಕಮ್ಮನ್ನ ಏರ್‌ಪೋರ್ಟಿಗೆ ಬಿಟ್ಟು ಬಂದೆ ಅಂದ. ಹುಡುಗ್ರು ಅವಸರ ಮಾಡಿರ್ತಾರೆ ಪಾಪ, ಹೇಳ್ಕೊಳ್ಳಕ್ಕೆ ನಾಚ್ಕೆ ಆಗಿರತ್ತೆ ಅಂದ್ಕೊಂಡೆ. ರಾತ್ರಿಯೆಲ್ಲ ನಿದ್ದೆ ಇಲ್ಲ ಕಣಮ್ಮ. ಹೊರಟ ಚೀಲ ಇದು. ನಮ್ಮನೇಲೂ ಇರಬಾರದು, ಅವಳ ಮನೆಗೂ ವಾಪಸ್ ಹೋಗಬಾರದು."

ರಘು ಬೈರಣ್ಣನ ಮಗ. ಸಂಪಿರುವ ಮನೆಯವನು.

ಈ ಕೆಲಸದಲ್ಲಿ ಎಂಥೆಂಥದ್ದೋ ನೋಡಿದ್ದೇನೆ, ಆದರೆ ಆವತ್ತಿನ ಭಯ ಬೇರೆ. ಒಂದು ಚೀಲ ಎದುರಿಗಿದೆ, ಅದರೊಡತಿ ಸಮುದ್ರದ ಮೇಲೆ ಹಾರುತ್ತಿದ್ದಾಳೆ ಅಂತ ಲೋಕವೆಲ್ಲ ನಂಬಿದೆ. ನನಗೆ ಮಾತ್ರ ಖಾತ್ರಿಯಾಗಿ ಗೊತ್ತು, ಆ ವಿಮಾನದಲ್ಲಿ ಮುನಿಲಕ್ಷ್ಮಮ್ಮ ಇಲ್ಲ.

ಇನ್ಸ್‌ಪೆಕ್ಟರ್ ಚಿದಾನಂದ್ ಮೂರನೇ ಸಲಕ್ಕೆ ಫೋನ್ ಎತ್ತಿದರು. ನಾನು ಹೇಳಿದ್ದನ್ನೆಲ್ಲ ಆಕಳಿಸುತ್ತ ಕೇಳಿದರು.

"ಮೇಡಂ, ಬ್ಯಾಗ್ ಬಿಟ್ಟು ಹೋಗಿದ್ದಾರೆ ಅಂತ ಕೇಸ್ ಬರ್ಕೊಳ್ಲಾ?"

"ಏರ್‌ಲೈನ್ಸಿಗೆ ಒಂದು ಫೋನ್ ಮಾಡಿ ಸಾರ್. ಹತ್ತಿದ್ದಾರೋ ಇಲ್ವೋ ಅಂತ ಕೇಳಿ. ನಾನು ಕೇಳಿದ್ರೆ ಹೇಳಲ್ಲ."

"ಬಾಯಲ್ಲಿ ಕೇಳಿದ್ರೆ ನನಗೂ ಹೇಳಲ್ಲ, ಲೆಟರ್ ಹೋಗ್ಬೇಕು. ಪ್ಲೇನ್ ಇಳೀಲಿ. ಆಯಮ್ಮ ಇಳೀಲಿಲ್ಲ ಅಂದ್ರೆ ಆಗ ನೋಡೋಣ."

ಪ್ಲೇನ್ ಇಳೀಲಿ. ಯಾರನ್ನು ಕೇಳಿದರೂ ಇದೇ ಉತ್ತರ ಬರುತ್ತದೆ ಅಂತ ಯಾರೋ ಮೊದಲೇ ಲೆಕ್ಕ ಹಾಕಿದ್ದರು. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರ್. ನಡುವೆ ಎಲ್ಲೂ ನಿಲ್ಲದ ಹದಿನೇಳು ಗಂಟೆ. ಆ ಹದಿನೇಳು ಗಂಟೆ ಮುನಿಲಕ್ಷ್ಮಮ್ಮನ ಫೋನ್ ಸತ್ತಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ಹೆತ್ತ ಮಗಳು ಕೂಡ ಅಮ್ಮ ನಿದ್ದೆ ಮಾಡುತ್ತಿರಬಹುದು ಅಂದುಕೊಳ್ಳುತ್ತಾಳೆ. ಒಬ್ಬ ಹೆಂಗಸನ್ನು ಬಚ್ಚಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ವಿಮಾನ ಇಳಿದ ಮೇಲೆ? ಇಳಿದ ಮೇಲೆ ಹುಡುಕಾಟ ಶುರುವಾಗುತ್ತದೆ. ಆಮೇಲೆ ಅವರನ್ನು ಜೀವಂತ ಇಟ್ಟುಕೊಳ್ಳುವ ಧೈರ್ಯ ಯಾರಿಗಿರುತ್ತದೆ? ಇಳಿಯುವುದಕ್ಕೆ ಉಳಿದದ್ದು ಮೂರು ಗಂಟೆಗಿಂತ ಕಡಿಮೆ ಹೊತ್ತು.

ಬಸುರಿ ಹೆಂಗಸು ಅರ್ಪಿತಳಿಗೆ ಫೋನ್ ಮಾಡಿ ಹೆದರಿಸುವ ಧೈರ್ಯ ನನಗೆ ಬರಲಿಲ್ಲ. ಎದ್ದು ಸೀರೆ ಸರಿಮಾಡಿಕೊಂಡೆ.

"ಕತ್ರಿಗುಪ್ಪೆಗೆ ಹೋಗ್ಬರ್ತೀನಿ. ಚೀಲ ಇಲ್ಲೇ ಇರಲಿ."

"ಇಲ್ಲಿ ಬಿಡ್ಬೇಡ," ಗೋವಿಂದಮ್ಮ ಚೀಲವನ್ನು ನನ್ನ ಕೈಗೆ ತುರುಕಿದರು. "ಮುಂದಕ್ಕೆ ಹೋಗ್ತಾ ಇರಬೇಕು ಅದು. ನೆಲಕ್ಕೂ ಇಡ್ಬೇಡ, ನನ್ನಾಣೆ."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಆವತ್ತು ಇಸಕೊಂಡೆ.

* * *

ಬನಶಂಕರಿಯಿಂದ ಆಚೆ ಆಟೋ ಚೆನ್ನಾಗಿಯೇ ಓಡಿತು. ರಘುವಿನ ಬೀದಿಗೆ ತಿರುಗಿದ ಮೇಲೆ ಕಸದ ಗಾಡಿ ಅಡ್ಡ ಸಿಕ್ಕಿತು. ಹಸಿ ಕಸ ಬೇರೆ ಮಾಡಿ, ಒಣ ಕಸ ಬೇರೆ ಮಾಡಿ ಅಂತ ಒಡೆದ ಮೈಕಿನಲ್ಲಿ ಹಾಡಿಕೊಂಡು, ಮನೆಮನೆಗೂ ನಿಂತು, ಆಮೆಯ ಹಾಗೆ ಹೋಗುತ್ತಿತ್ತು. ದಿನಾ ಕೇಳುವ ಹಾಡು. ಆವತ್ತು ಅದರ ಮೈಕ್ ಕಿತ್ತು ಮೋರಿಗೆ ಎಸೆಯಬೇಕು ಅನ್ನಿಸಿತು. ಆಟೋ ಬಿಟ್ಟು ಇಳಿದು ನಡೆದೆ.

ಗೇಟಿಗೆ 'ಟು ಲೆಟ್' ಬೋರ್ಡು ನೇತು ಹಾಕಿತ್ತು. ಮೇಲ್ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಪೋರ್ಟಿಕೋದಲ್ಲಿ ಸಂಪಿನ ಕಬ್ಬಿಣದ ಮುಚ್ಚಳ. ಅದನ್ನು ತುಳಿಯದೆ ಪಕ್ಕಕ್ಕೆ ಸರಿದು ಬಾಗಿಲು ತಟ್ಟಿದೆ.

ಬಾಗಿಲು ತೆಗೆದವನು ರಘು. ಮೂವತ್ತೈದರ ದಪ್ಪನೆಯ ಆಳು. ಅಪ್ಪ ಸತ್ತ ಮೇಲೆ ಗಡ್ಡ ತೆಗೆಸಿಲ್ಲ, ಕಣ್ಣು ಕೆಂಪಾಗಿವೆ.

"ನಾನಪ್ಪ, ಚೂಡಾಮಣಿ ಆಂಟಿ. ನಿಮ್ಮ ಚಿಕ್ಕಮ್ಮನ ಜೊತೆ ಕೆರೆ ಹತ್ರ ವಾಕಿಂಗ್ ಮಾಡ್ತೀನಲ್ಲ. ಈ ಕಡೆ ಬಂದಿದ್ದೆ. ಅವರು ಸೇರಿದ್ರಾ ಅಂತ ಕೇಳ್ಕೊಂಡು ಹೋಗೋಣ ಅಂತ."

"ಬಿಟ್ಟು ಬಂದ್ನಲ್ಲ ಆಂಟಿ. ನಾನೇ ಬಿಟ್ಟು ಬಂದೆ."

ನಾನು ಅದನ್ನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಒಳಗೆ ಬನ್ನಿ ಆಂಟಿ," ಅಡುಗೆಮನೆಯಿಂದ ಹೆಣ್ಣಿನ ದನಿ. "ದೋಸೆ ಹಾಕ್ತಿದೀನಿ, ತಿಂದ್ಕೊಂಡು ಹೋಗಿ."

ರಘುವಿನ ಹೆಂಡತಿ ಶಾಲಿನಿ. ಸೋಫಾದ ಮೇಲೆ ಕೂತರೆ ಅಡುಗೆಮನೆ ನೇರವಾಗಿ ಕಾಣುತ್ತಿತ್ತು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಮಗುಚುವ ಕೈ, ಕಾವಲಿಯ ಮುಂದೆ ಅವಳು. ತಲೆ ಬಾಚಿ, ಬೊಟ್ಟಿಟ್ಟುಕೊಂಡು, ಬೆಳಗ್ಗೆಯೇ ತಯಾರಾಗಿದ್ದಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಸೆರಗು ಎಳೆದುಕೊಂಡೆ.

"ಮನೆಯಿಂದ ಹೊರಡೋವಾಗ ಅತ್ತರೇನೋ ಪಾಪ," ರಘುವನ್ನು ಕೇಳಿದೆ.

"ಹೂಂ. ಸ್ವಲ್ಪ."

"ನೀನೇ ಸೂಟ್‌ಕೇಸ್ ಇಳಿಸ್ಕೊಟ್ಯಾ?"

"ನಾನೇ. ಬೀಗ ಹಾಕಿದ್ರು, ಕಾರಲ್ಲಿ ಕೂತ್ರು. ಸೀದಾ ಏರ್‌ಪೋರ್ಟು."

"ದಾರೀಲಿ ಎಲ್ಲೂ ನಿಲ್ಲಿಸ್ಲಿಲ್ವ? ಅಕ್ಕಪಕ್ಕದ ಮನೆ, ದೇವಸ್ಥಾನ?"

"ಇಲ್ಲ. ಟೈಮ್ ಎಲ್ಲಿತ್ತು."

ಪ್ರತಿ ಉತ್ತರಕ್ಕೂ ಮುಂಚೆ ಅವನ ಕಣ್ಣು ಅಡುಗೆಮನೆಗೆ ಹೋಗಿ ಬರುತ್ತಿತ್ತು. ಪಾಠ ಒಪ್ಪಿಸುವ ಮಕ್ಕಳು ಮೇಷ್ಟರ ಮುಖ ನೋಡುತ್ತಾರಲ್ಲ, ಹಾಗೆ. ಪ್ರಸ್ಥಾನದ ಚೀಲದ ಸುದ್ದಿ ಇವನಿಗೆ ಗೊತ್ತಿಲ್ಲ. ಸೊಸೆ ನಗುತ್ತಾಳೆ ಅಂತ ಮುನಿಲಕ್ಷ್ಮಮ್ಮ ಇಂಥದ್ದನ್ನೆಲ್ಲ ಈ ಮನೆಯವರಿಗೆ ಹೇಳುತ್ತಿರಲಿಲ್ಲ. ಅವರು ಚೀಲ ತೆಗೆದುಕೊಳ್ಳಲು ಪಕ್ಕದ ಮನೆಗೆ ಕಾಲಿಡುವ ಮುಂಚೆಯೇ ಏನೋ ನಡೆದುಹೋಗಿದೆ.

"ಇನ್ನೇನು ಇಳಿಯೋ ಹೊತ್ತಾಯ್ತು ಆಂಟಿ," ಶಾಲಿನಿ ದೋಸೆ ಮಗುಚುತ್ತ ಅಂದಳು. "ನಾನು ಮೊನ್ನೆಯೇ ಗೂಗಲ್ ಮಾಡಿ ನೋಡಿದ್ದೆ. ಹದಿನಾಲ್ಕು ಸಾವಿರ ಕಿಲೋಮೀಟರ್, ಹದಿನೇಳು ಗಂಟೆ. ಎರಡಕ್ಕೆ ಹೊರಟ್ರೆ ಬೆಳಗ್ಗೆ ಏಳು. ನಮ್ಮ ಚಿಕ್ಕತ್ತೆ ಅದೃಷ್ಟ ನೋಡಿ, ಒಂದೇ ಹಾರಾಟಕ್ಕೆ ಅಮೆರಿಕ."

ಎರಡಕ್ಕೆ ಹೊರಟರೆ. ವಿಮಾನ ಹೊರಟದ್ದು ನಾಲ್ಕಕ್ಕೆ, ಇಳಿಯುವುದು ಒಂಬತ್ತಕ್ಕೆ ಅಂತ ಇವಳಿಗೆ ಗೊತ್ತಿಲ್ಲ. ಎಷ್ಟು ದೂರ, ಎಷ್ಟು ಹೊತ್ತು ಅಂತ ಎರಡು ಊರಿನ ಹೆಸರು ಕೊಟ್ಟು ಕೇಳಿದರೆ ಗೂಗಲ್ ಹೇಳುತ್ತದೆ. ಬಾಗಿಲು ಹಾಕಿಕೊಂಡು ನೆಲದ ಮೇಲೆ ನಿಂತ ಎರಡು ಗಂಟೆಯನ್ನು ಅದು ಹೇಳುವುದಿಲ್ಲ. ನಿಜವಾಗಿ ಒಬ್ಬರನ್ನು ಕಳಿಸಿಕೊಟ್ಟವರು ಹೊರಟಿತಾ ಇಲ್ಲವಾ ಅಂತ ಒಂದು ಸಲವಾದರೂ ನೋಡುತ್ತಾರೆ.

"ಮೇಲ್ಮನೆ ಖಾಲಿನಾ?" ಏನಾದರೂ ಮಾತಾಡಬೇಕಲ್ಲ ಅಂತ ಕೇಳಿದೆ.

"ಖಾಲಿ," ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಅಂದರು.

ಟೀಪಾಯಿಯ ಮೇಲಿದ್ದ ರಘುವಿನ ಫೋನ್ ಸದ್ದು ಮಾಡಿತು. ಗೋಡೆಯ ಗಡಿಯಾರದಲ್ಲಿ ಏಳು ಹೊಡೆದಿತ್ತಷ್ಟೆ.

ರಘು ಫೋನ್ ಎತ್ತಿಕೊಳ್ಳಲಿಲ್ಲ. ನೋಡುತ್ತ ಕೂತ. ನನ್ನ ಕಣ್ಣಿಗೂ ಬಿತ್ತು, 'ಚಿಕ್ಕಮ್ಮ' ಅಂತ ಹೆಸರು, ಒಂದು ವಾಯ್ಸ್ ಮೆಸೇಜು.

"ಹಾಕ್ರೀ, ಆಂಟಿನೂ ಕೇಳ್ಲಿ," ಶಾಲಿನಿ ಅಲ್ಲಿಂದಲೇ ಅಂದಳು. ಅವಳ ಎರಡು ಕೈಯಲ್ಲೂ ಹಿಟ್ಟು. ಅವಳು ಕಳಿಸಿದ್ದಲ್ಲ. ರಘು ನನ್ನ ಎದುರೇ ಇದ್ದಾನೆ, ಅವನೂ ಅಲ್ಲ. ಹಾಗಾದರೆ ಇನ್ನೊಬ್ಬರು ಇದ್ದಾರೆ.

ರಘು ಒತ್ತಿದ.

"ರಘು, ನಾನು ಕಣಪ್ಪ." ಮುನಿಲಕ್ಷ್ಮಮ್ಮನದೇ ದನಿ, ಸಂದೇಹವಿಲ್ಲ. "ವಿಮಾನ ಇಳೀತು. ಇಲ್ಲಿ ಲೈನಲ್ಲಿ ನಿಲ್ಸಿದ್ದಾರೆ, ಫೋನ್ ಮಾಡ್ಬೇಡಿ, ಬಿಡಲ್ವಂತೆ. ಎಲ್ರಿಗೂ ಹೇಳು, ಚೆನ್ನಾಗಿ ತಲುಪಿದೆ ಅಂತ."

ಒಂದು ಉಸಿರು. ಆಮೇಲೆ ಅವಸರವಾಗಿ, ಯಾರೋ ತಡೆಯುವ ಮುಂಚೆ ಹೇಳಿಬಿಡಬೇಕು ಅನ್ನುವ ಹಾಗೆ:

"ಗೋವಿಂದಮ್ಮಂಗೂ ಒಂದು ಮಾತು ಹೇಳ್ಬಿಡು. ಅವಳ ಮನೇಲಿಟ್ಟಿದ್ದ ಚೀಲ ಮರೀದೆ ತಗೊಂಡೇ ಹೊರಟೆ ಅಂತ. ಪಾಪ, ಕಾಯ್ತಿರ್ತಾಳೆ."

ಸೆರಗಿನ ಕೆಳಗೆ ನನ್ನ ಬೆರಳುಗಳು ಚೀಲವನ್ನು ಹಿಸುಕಿದವು. ಒಳಗಿನ ಅಕ್ಕಿ ಕೈಗೆ ಸಿಕ್ಕಿತು.

ಅವರು ಬದುಕಿದ್ದಾರೆ. ಯಾರದೋ ಕೈಗೆ ಸಿಕ್ಕಿಕೊಂಡು, ಹೇಳಿಕೊಟ್ಟಷ್ಟನ್ನೇ ಹೇಳಬೇಕಾದ ಹೊತ್ತಲ್ಲೂ, ಗೋವಿಂದಮ್ಮ ಒಬ್ಬರಿಗೆ ಮಾತ್ರ ಸುಳ್ಳು ಅಂತ ಗೊತ್ತಾಗುವ ಒಂದು ಮಾತು ಸೇರಿಸಿದ್ದಾರೆ. ಚೀಲ ನಿಮ್ಮ ಹತ್ತಿರವೇ ಇದೆ, ನಾನು ಹೊರಟಿಲ್ಲ, ನನ್ನನ್ನು ಹುಡುಕಿ ಅಂತ. ನನಗೆ ಅಳು ಬಂತು. ಅಳುವ ಹಾಗಿರಲಿಲ್ಲ.

"ನೋಡಿ ಆಂಟಿ, ತಲುಪಿದ್ರು," ರಘು ಅಂದ. ಅವನ ಕಣ್ಣಲ್ಲೂ ನೀರಿತ್ತು. ಅದು ಯಾಕೆ ಅಂತ ನನಗೆ ಗೊತ್ತಾಗಲಿಲ್ಲ.

"ಸದ್ಯ. ದೇವರು ದೊಡ್ಡವನು," ಅಂದೆ. "ಇನ್ನೊಂದ್ಸಲ ಹಾಕಪ್ಪ. ಕಿವಿ ಮಂದ ನಂದು."

ಅವನು ಮತ್ತೆ ಒತ್ತಿದ. ಈ ಸಲ ನಾನು ದನಿಯನ್ನು ಬಿಟ್ಟು ಅದರ ಹಿಂದಿನದಕ್ಕೆ ಕಿವಿ ಕೊಟ್ಟೆ. ಚೆನ್ನಾಗಿ ತಲುಪಿದೆ ಅನ್ನುವಲ್ಲಿ, ತೀರ ಸಣ್ಣಗೆ, ಒಡೆದ ಮೈಕಿನ ಹಾಡು. ಹಸಿ ಕಸ ಬೇರೆ ಮಾಡಿ, ಒಣ ಕಸ ಬೇರೆ ಮಾಡಿ.

ನಾನು ಬೈದುಕೊಂಡು ಬಂದ ಗಾಡಿ. ಇದೇ ಬೀದಿ, ಇದೇ ಬೆಳಗ್ಗೆ, ಈಗ ಸ್ವಲ್ಪ ಹೊತ್ತಿನ ಮುಂಚೆ. ದಿನಾ ಕೇಳಿ ಕೇಳಿ ಈ ಬೀದಿಯವರ ಕಿವಿಗೆ ಆ ಹಾಡು ಬೀಳುವುದೇ ನಿಂತುಹೋಗಿದೆ. ಬಿದ್ದಿದ್ದರೆ ಈ ಮೆಸೇಜನ್ನು ಕಳಿಸುತ್ತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಕತ್ರಿಗುಪ್ಪೆಯ ಕಸದ ಗಾಡಿ ಬರುವುದಿಲ್ಲ.

ನನ್ನ ಕಣ್ಣು ತಾನಾಗಿಯೇ ಮೇಲಕ್ಕೆ, ಮೇಲ್ಮನೆಯ ಕಡೆ ಹೋಯಿತು. ತಕ್ಷಣ ಕೆಳಗಿಳಿಸಿದೆ.

ಇವರ ಲೆಕ್ಕ ಈಗ ಪೂರ್ತಿ ಗೊತ್ತಾಯಿತು. ಮುನಿಲಕ್ಷ್ಮಮ್ಮ ಇಳಿದಿದ್ದಾರೆ ಅಂತ ಅವರದೇ ದನಿ ಹೇಳಿದೆ, ಕೇಳಿದ್ದಕ್ಕೆ ನಾನೇ ಸಾಕ್ಷಿ. ಇನ್ನು ಹುಡುಕುವವರು ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆ ಹುಡುಕುತ್ತಾರೆ. ಮುನಿಲಕ್ಷ್ಮಮ್ಮನನ್ನು ಇಷ್ಟು ಹೊತ್ತು ಉಳಿಸಿಕೊಂಡದ್ದು ಈ ನಾಲ್ಕು ಮಾತಿಗೆ. ನಾಲ್ಕು ಮಾತೂ ಆಗಿಹೋಯಿತು. ಇನ್ನು ಅವರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.

ಎದ್ದು ಗೇಟಿನ ಆಚೆ ಹೋಗಬೇಕು, ಚಿದಾನಂದರಿಗೆ ಫೋನ್ ಮಾಡಬೇಕು. ಎದ್ದೆ.

"ಬರ್ತೀನಪ್ಪ. ಕೆರೆ ಹತ್ರ ಎಲ್ರಿಗೂ ಹೇಳ್ತೀನಿ, ಖುಷಿ ಪಡ್ತಾರೆ."

"ದೋಸೆ?" ಶಾಲಿನಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಗಂಡನ ಕಡೆ ತಿರುಗಿದಳು. "ಯಾವ್ದುರೀ ಅದು ಚೀಲ? ಗೋವಿಂದಮ್ಮನ ಮನೇಲಿ ಇಟ್ಟಿದ್ದು?"

"ನಂಗೇನು ಗೊತ್ತು."

"ಎರಡೇ ಸೂಟ್‌ಕೇಸ್ ಇದ್ದಿದ್ದು. ಚೀಲ ಇರ್ಲಿಲ್ಲ." ತನಗೆ ತಾನೇ ಹೇಳಿಕೊಳ್ಳುವ ಹಾಗೆ ಅಂದಳು. ಆ ಮಾತು ಆಡಬಾರದಿತ್ತು ಅಂತ ಅವಳಿಗೇ ಗೊತ್ತಾಯಿತು. ರಘು ಒಬ್ಬನೇ ಬಿಟ್ಟು ಬಂದದ್ದಾದರೆ ಇವಳಿಗೆ ಹೇಗೆ ಗೊತ್ತು?

ಕಾವಲಿಯ ಮೇಲೆ ದೋಸೆ ಸೀದ ವಾಸನೆ ಬರತೊಡಗಿತು. ಶಾಲಿನಿ ಒಲೆ ಆರಿಸಲು ಹೋಗಲಿಲ್ಲ. ನನ್ನನ್ನು ನೋಡಿದಳು. ಮುಖದಿಂದ ಕೆಳಗೆ, ಸೆರಗಿನವರೆಗೆ. ಎದ್ದ ಅವಸರಕ್ಕೆ ಸೆರಗು ಜಾರಿತ್ತು. ಎದೆಗವಚಿಕೊಂಡ ಬಟ್ಟೆಯ ಚೀಲ, ಮೂಲೆಯಲ್ಲಿ ಒಣಗಿದ ಅರಿಶಿನ ಕುಂಕುಮ, ಚೀಲದ ಬಾಯಲ್ಲಿ ಬಾಡಿದ ವೀಳ್ಯದೆಲೆಯ ತುದಿ.

"ಬಂದಾಗಿಂದ ನೋಡ್ತಿದೀನಿ ಆಂಟಿ," ಅವಳು ಮೆಲ್ಲಗೆ ಅಂದಳು. "ಒಂದ್ಸಲಾನೂ ಕೆಳಗೆ ಇಡಲಿಲ್ಲ ನೀವು ಅದನ್ನ. ಯಾರದು?"

ನಾನು ಬಾಗಿಲ ಕಡೆ ತಿರುಗಿದೆ. ಹೊರಗೆ, ಖಾಲಿ ಅಂದಿದ್ದ ಮೇಲ್ಮನೆಯ ಮೆಟ್ಟಿಲಿನಿಂದ, ಯಾರೋ ಇಳಿದು ಬರುತ್ತಿದ್ದ ಚಪ್ಪಲಿಯ ಸದ್ದು ಬಾಗಿಲ ಹೊರಗೆ ಬಂದು ನಿಂತಿತು.